ಪೆಟ್ಟಿಗೆಯೊಳಗಿನ ಬಿಸಿ ಎಲ್ಲಿಗೆ ಹೋಗಬೇಕು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉತ್ಸವ ಸಮಿತಿಯವರು ನನಗೆ ಒಂದು ಷರತ್ತು ಹಾಕಿದ್ದಾರೆ. 'ಶಾಲೆಯ ಗುಣಗಾನ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನೀವು ನಿಮ್ಮ ಕೆಲಸದ ವಿಷಯ ಹೇಳಿ. ಮಕ್ಕಳಿಗೂ ತಿಳಿಯಬೇಕು, ಹೊಲ ಗದ್ದೆ ಮಾಡುವವರಿಗೂ ಉಪಯೋಗಕ್ಕೆ ಬರಬೇಕು' ಎಂದಿದ್ದಾರೆ. ನಾನು ಈ ಶಾಲೆಯಿಂದ ಹೋಗಿ ಮೈಸೂರಿನಲ್ಲಿ ಡಿಪ್ಲೊಮಾ ಓದಿದೆ. ಅಂದಿನಿಂದ ಇಂದಿನವರೆಗೆ ನನ್ನ ಅನ್ನ ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳಿಂದ ಬಂದಿದೆ. ಪ್ಯಾನೆಲ್ ಎಂದರೆ ಒಂದು ಕಬ್ಬಿಣದ ಬೀರು. ಅದರೊಳಗೆ ಬಟ್ಟೆಯ ಬದಲು ಸ್ವಿಚ್ಚು, ಕಾಂಟ್ಯಾಕ್ಟರ್, ಟ್ರಾನ್ಸ್‌ಫಾರ್ಮರ್, ಎಲೆಕ್ಟ್ರಾನಿಕ್ ಬೋರ್ಡುಗಳು ಇರುತ್ತವೆ. ಮೋಟಾರು ಯಾವಾಗ ಓಡಬೇಕು, ಎಷ್ಟು ವೇಗದಲ್ಲಿ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಅದೇ. ಆ ಬೀರುವಿನೊಳಗೆ ಹುಟ್ಟುವ ಬಿಸಿಯನ್ನು ಹೊರಗೆ ಹಾಕುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಇದು ನಮಗೆ ಸಂಬಂಧವಿಲ್ಲದ ಪೇಟೆಯ ವಿಷಯ ಎಂದುಕೊಳ್ಳಬೇಡಿ. ಹನಗೋಡಿನಿಂದ ಕಾಡಿನ ಕಡೆ ಹೊರಟರೆ ಆನೆ ತಡೆಯಲು ಹಾಕಿದ ಸೌರ ಬೇಲಿಯ ಪೆಟ್ಟಿಗೆ ಸಿಗುತ್ತದೆ. ಹೊಲಕ್ಕೆ ಇಳಿದರೆ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಇದೆ. ಹುಣಸೂರಿನ ಕಾಫಿ ಕ್ಯೂರಿಂಗ್ ಕೇಂದ್ರಗಳಲ್ಲಿ, ಕೃಷ್ಣರಾಜನಗರದ ಅಕ್ಕಿ ಗಿರಣಿಗಳಲ್ಲಿ, ನಂಜನಗೂಡಿನ ಕಾರ್ಖಾನೆಗಳಲ್ಲಿ ಆಳೆತ್ತರದ ಪ್ಯಾನೆಲ್‌ಗಳು ಸಾಲಾಗಿ ನಿಂತಿವೆ. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳ ಮಕ್ಕಳು ದಿನಾ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಆ ಪ್ಯಾನೆಲ್‌ಗಳ ಪಕ್ಕದಲ್ಲಿ ಎಂಟು ಗಂಟೆ ಕೆಲಸ ಮಾಡಿ ಬರುತ್ತಾರೆ.

ಮೊದಲು, ಬಿಸಿ ಎಲ್ಲಿಂದ ಬರುತ್ತದೆ? ಕರೆಂಟು ಹರಿಯುವ ಯಾವ ಸಾಮಾನೂ ತನ್ನ ಪಾಲು ತಿನ್ನದೆ ಬಿಡುವುದಿಲ್ಲ. ಮೋಟಾರಿನ ವೇಗ ಬದಲಿಸುವ ಡ್ರೈವ್ ಎಂಬ ಸಾಧನವನ್ನೇ ತೆಗೆದುಕೊಳ್ಳಿ. ಒಳ್ಳೆಯ ಡ್ರೈವ್ ನೂರು ಪಾಲು ಕರೆಂಟು ಪಡೆದರೆ ಸುಮಾರು 97 ಪಾಲನ್ನು ಮೋಟಾರಿಗೆ ದಾಟಿಸುತ್ತದೆ. ಉಳಿದ ಮೂರು ಪಾಲು ಬಿಸಿಯಾಗುತ್ತದೆ. ಮೂರೇ ತಾನೆ ಎನ್ನಬಹುದು. ಆದರೆ 30 ಕಿಲೋವ್ಯಾಟ್, ಅಂದರೆ ಸುಮಾರು 40 ಅಶ್ವಶಕ್ತಿಯ ಮೋಟಾರಿಗೆ ಈ ಮೂರು ಪಾಲು 900 ವ್ಯಾಟ್ ಆಗುತ್ತದೆ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯೂ ಹೆಚ್ಚು ಕಡಿಮೆ ಅಷ್ಟೇ. ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿ ಬೀರುವಿನೊಳಗೆ ಇಟ್ಟು, ಬೀಗ ಹಾಕಿ, ಹಗಲೂ ರಾತ್ರಿ ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ.

ಬಿಸಿಯಾದರೆ ಎಲೆಕ್ಟ್ರಾನಿಕ್ ಸಾಮಾನು ಅಂದೇ ಸುಟ್ಟುಹೋಗುವುದಿಲ್ಲ, ಅದರ ಆಯುಸ್ಸು ಕರಗುತ್ತದೆ. ಬೋರ್ಡುಗಳ ಮೇಲೆ ಚಿಕ್ಕ ಡಬ್ಬಿಯ ಹಾಗೆ ಕಾಣುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ವಿಷಯದಲ್ಲಿ ಒಂದು ಒರಟು ಲೆಕ್ಕ ಇದೆ. ತಾಪ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ, 10 ಡಿಗ್ರಿ ಇಳಿದರೆ ದುಪ್ಪಟ್ಟಾಗುತ್ತದೆ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಕೆಪಾಸಿಟರ್ ಈ ಲೆಕ್ಕದಲ್ಲಿ 75 ಡಿಗ್ರಿಯಲ್ಲಿ 40,000 ಗಂಟೆ, 65 ಡಿಗ್ರಿಯಲ್ಲಿ 80,000 ಗಂಟೆ ಬಾಳುತ್ತದೆ. ವರ್ಷಕ್ಕೆ 8,760 ಗಂಟೆ. ಎಂದರೆ ಹತ್ತೇ ಡಿಗ್ರಿಯ ವ್ಯತ್ಯಾಸದಿಂದ ಒಂಬತ್ತು ವರ್ಷ ಬಾಳಬೇಕಾದ್ದು ನಾಲ್ಕೂವರೆ ವರ್ಷಕ್ಕೆ ಹೋಗುತ್ತದೆ. ಮಾಲೀಕರು 'ಈ ಕಂಪನಿಯ ಮಾಲು ಸರಿಯಿಲ್ಲ' ಎಂದು ಬೈಯುತ್ತಾರೆ. ಎಷ್ಟೋ ಸಲ ಮಾಲು ಸರಿಯಾಗಿಯೇ ಇರುತ್ತದೆ. ಅದನ್ನು ಇಟ್ಟ ಪೆಟ್ಟಿಗೆಯೊಳಗಿನ ಗಾಳಿ ಸರಿಯಿರುವುದಿಲ್ಲ.

ಆಯುಸ್ಸಿನ ಮಾತು ಹಾಗಿರಲಿ, ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ತುಂಬ ಬಿಸಿಯಾದಾಗ ಡ್ರೈವ್ ತನ್ನನ್ನು ತಾನು ಉಳಿಸಿಕೊಳ್ಳಲು ಟ್ರಿಪ್ ಆಗುತ್ತದೆ. ಮೆಷೀನು ನಿಲ್ಲುತ್ತದೆ. ಸುಗ್ಗಿಯ ಸಮಯ, ಲಾರಿ ಬಂದು ನಿಂತಿದೆ, ಭತ್ತ ರಾಶಿ ಬಿದ್ದಿದೆ. ಆಗ ಎಲ್ಲರೂ ಮಾಡುವ ಮದ್ದು ಒಂದೇ. ಪ್ಯಾನೆಲ್ಲಿನ ಬಾಗಿಲು ತೆರೆದು, ಎದುರಿಗೆ ಒಂದು ಪೆಡೆಸ್ಟಲ್ ಫ್ಯಾನ್ ಇಡುವುದು. ಮೆಷೀನು ಓಡುತ್ತದೆ, ಎಲ್ಲರಿಗೂ ಸಮಾಧಾನ. ಆಮೇಲೆ ಆ ಬಾಗಿಲು ತಿಂಗಳುಗಟ್ಟಲೆ ಮುಚ್ಚುವುದಿಲ್ಲ.

ಕೃಷ್ಣರಾಜನಗರದ ಕಡೆಯ ಒಂದು ಗಿರಣಿಗೆ ನನ್ನನ್ನು ಕರೆಸಿದ್ದರು. ಹೆಸರು ಬೇಡ. ನಾನು ಹೋಗುವ ಹದಿನೈದು ದಿನ ಮುಂಚೆ ಅಲ್ಲಿ ಒಂದು ಘಟನೆ ನಡೆದಿತ್ತು. ಬಾಗಿಲು ತೆರೆದಿದ್ದ ಪ್ಯಾನೆಲ್ಲಿನ ಮೇಲುಗಡೆ ಯಾರೋ ಒಂದು ಬೋಲ್ಟ್ ಇಟ್ಟು ಮರೆತಿದ್ದರು. ಗಿರಣಿಯ ನಡುಕಕ್ಕೆ ಅದು ಜಾರಿ, 415 ವೋಲ್ಟ್ ಇರುವ ತಾಮ್ರದ ಪಟ್ಟಿಗಳ ನಡುವೆ ಬಿತ್ತು. ಬೆಂಕಿಯ ಉಂಡೆ ಹೊರಗೆ ಚಿಮ್ಮಿತು. ಎರಡು ಮಾರು ದೂರದಲ್ಲಿ ಚೀಲ ಹೊಲಿಯುತ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗನ ಬಲಗೈ ಮೊಳಕೈವರೆಗೆ ಸುಟ್ಟಿತು. ಕಣ್ಣು ಉಳಿದದ್ದು ಪುಣ್ಯ. ಅವನು ವಿದ್ಯುತ್ ಕೆಲಸದವನಲ್ಲ, ಪ್ಯಾನೆಲ್ ಮುಟ್ಟಿದವನೂ ಅಲ್ಲ. ಬಾಗಿಲು ಮುಚ್ಚಿದ್ದರೆ ಕಬ್ಬಿಣದ ತಗಡು ಆ ಬೆಂಕಿಯ ಬಹುಪಾಲನ್ನು ತಡೆಯುತ್ತಿತ್ತು. ತಂಪಿನ ವ್ಯವಸ್ಥೆ ಸರಿಯಾಗಿ ಆರಿಸುವುದು ಬರೀ ದುಡ್ಡಿನ ಲೆಕ್ಕವಲ್ಲ, ಬಾಗಿಲು ಮುಚ್ಚಿಯೇ ಕೆಲಸ ನಡೆಯುವಂತೆ ಮಾಡುವ ಲೆಕ್ಕ. ನನ್ನ ಮಾತಿನಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆ ಮಾಲೀಕರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, 'ಎಷ್ಟು ಟನ್ನಿನ ಏಸಿ ಹಾಕಿಸಲಿ?' ಎಂದು. ಎಲ್ಲರೂ ಕೇಳುವುದು ಇದನ್ನೇ. ಏಸಿಯ ಮಾತು ಬರಬೇಕಾದ್ದು ಕೊನೆಗೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಒಳಗೆ ಎಷ್ಟು ಬಿಸಿ ಹುಟ್ಟುತ್ತಿದೆ? ಹೊರಗಿನ ಗಾಳಿ ಎಂಥದು, ಅಂದರೆ ಎಷ್ಟು ಬಿಸಿ, ಎಷ್ಟು ದೂಳು, ಎಷ್ಟು ತೇವ? ಈ ಎರಡಕ್ಕೂ ಉತ್ತರ ಸಿಕ್ಕರೆ ವಿಧಾನ ತಾನಾಗಿಯೇ ಗೊತ್ತಾಗುತ್ತದೆ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಬ್ಯಾರನ್ ನೋಡಿದವರಿಗೆಲ್ಲ ಇದು ಗೊತ್ತು. ಐದಾರು ದಿನ ಸೊಪ್ಪು ಬೇಯಿಸುವಾಗ ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಯಾಗಬೇಕು, ಕೊನೆಗೆ ದಂಟು ಒಣಗಲು 70 ಡಿಗ್ರಿ ಹತ್ತಿರಕ್ಕೆ ಏರಬೇಕು. ಬ್ಯಾರನ್ ಕಾಯುವವರು ರಾತ್ರಿ ನಿದ್ದೆಗೆಟ್ಟು ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಾರೆ. ಕೆಳಗಿನ ಕಿಂಡಿ ಎಷ್ಟು ತೆರೆಯಬೇಕು, ಮೇಲಿನ ಕಿಂಡಿ ಯಾವಾಗ ತೆರೆಯಬೇಕು ಎಂಬುದು ಅವರಿಗೆ ಕೈಯ ಲೆಕ್ಕ. ತಣ್ಣನೆ ಗಾಳಿ ಕೆಳಗಿನಿಂದ ಒಳಗೆ ಬರುತ್ತದೆ, ಬಿಸಿ ಗಾಳಿ ಹಗುರಾಗಿ ಮೇಲಿನಿಂದ ಹೋಗುತ್ತದೆ. ಪ್ಯಾನೆಲ್ಲಿಗೆ ಫ್ಯಾನ್ ಇಡುವ ನಿಯಮವೂ ಇದೇ. ಒಳಗೆ ಬರುವ ಗಾಳಿ ಕೆಳಗಿನಿಂದ, ಹೊರಗೆ ಹೋಗುವುದು ಮೇಲಿನಿಂದ.

ಬ್ಯಾರನ್ನಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಲೆಯ ಹೊಗೆ ದೊಡ್ಡ ತಗಡಿನ ಕೊಳವೆಯಲ್ಲಿ ಬ್ಯಾರನ್ನಿನೊಳಗೆಲ್ಲ ಸುತ್ತಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಎಲೆಗೆ ಕೊಳವೆಯ ಕಾವು ಮಾತ್ರ ತಾಗುತ್ತದೆ, ಹೊಗೆ ತಾಗುವುದಿಲ್ಲ. ಕೊಳವೆ ತೂತಾಗಿ ಹೊಗೆ ಸೋರಿದರೆ ಸೊಪ್ಪು ಕೆಟ್ಟಿತು, ಹರಾಜು ಕಟ್ಟೆಯಲ್ಲಿ ಬೆಲೆ ಬಿದ್ದಿತು. ಕಾವು ದಾಟಬೇಕು, ಗಾಳಿ ಬೆರೆಯಬಾರದು. ಇದನ್ನು ನಮ್ಮ ಕಸುಬಿನಲ್ಲಿ ಹೀಟ್ ಎಕ್ಸ್‌ಚೇಂಜರ್, ಎಂದರೆ ಶಾಖ ವಿನಿಮಯಕ ಎನ್ನುತ್ತಾರೆ. ಇದರ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ವಿಧಾನಗಳನ್ನು ಒಂದೊಂದಾಗಿ, ಅಗ್ಗದಿಂದ ದುಬಾರಿಯ ಕಡೆಗೆ ನೋಡೋಣ.

ಮೊದಲನೆಯದು ಬಿಸಿಯನ್ನು ಕಡಿಮೆ ಮಾಡುವುದು. ಇದಕ್ಕೆ ಖರ್ಚು ಕಮ್ಮಿ, ಆದರೆ ಯಾರೂ ಮಾಡುವುದಿಲ್ಲ. ಸೌರ ಬೇಲಿಯ ಪೆಟ್ಟಿಗೆಯೊಳಗೆ ಹುಟ್ಟುವ ಬಿಸಿ ಕೆಲವೇ ವ್ಯಾಟ್. ಅದಕ್ಕೆ ಫ್ಯಾನ್ ಬೇಡ, ಕಿಂಡಿಯೂ ಬೇಡ. ಅದರ ಶತ್ರುಗಳು ಬಿಸಿಲು, ಮಳೆ ಮತ್ತು ಇರುವೆ. ನಡುಮಧ್ಯಾಹ್ನ ಬಿಸಿಲು ನೇರವಾಗಿ ಬಿದ್ದ ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಕಾವು ಸುರಿಯುತ್ತದೆ. ಅರ್ಧ ಚದರ ಮೀಟರಿನ ಕಪ್ಪು ಬಣ್ಣದ ಸ್ಟಾರ್ಟರ್ ಬಾಗಿಲು ಅದರಲ್ಲಿ ನಾಲ್ಕು ನೂರು ವ್ಯಾಟಿನಷ್ಟು ಕುಡಿಯಬಲ್ಲದು. ಒಳಗಿನ ಸಾಮಾನು ಕೊಡುವ ಬಿಸಿಗಿಂತ ಬಿಸಿಲು ಕೊಡುವುದೇ ಹೆಚ್ಚಾಯಿತು. ಅಂಥ ಪೆಟ್ಟಿಗೆಗೆ ಬಿಳಿ ಬಣ್ಣ ಹೊಡೆದು, ಉತ್ತರಕ್ಕೆ ಮುಖ ಮಾಡಿ ಇಟ್ಟು, ಮೇಲೆ ಒಂದು ಗೇಣು ಅಂತರ ಬಿಟ್ಟು ತಗಡಿನ ಚಪ್ಪರ ಹಾಕಿದರೆ ಅರ್ಧ ಕಾಯಿಲೆ ವಾಸಿ. ಚಪ್ಪರ ಪೆಟ್ಟಿಗೆಗೆ ತಾಗಬಾರದು, ನಡುವೆ ಗಾಳಿ ಆಡಬೇಕು.

ಎರಡನೆಯದು ಪೆಟ್ಟಿಗೆಯ ಮೈಯಿಂದಲೇ ಬಿಸಿ ಬಿಡಿಸುವುದು. ಬಣ್ಣ ಹೊಡೆದ ಕಬ್ಬಿಣದ ತಗಡು ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ಸುಮಾರು ಐದೂವರೆ ವ್ಯಾಟ್ ದಾಟಿಸುತ್ತದೆ. 2 ಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳದ ಬೀರು ಗೋಡೆಗೆ ಆತು ನಿಂತಿದೆ ಎನ್ನಿ. ಗೋಡೆಯ ಕಡೆ ಬಿಟ್ಟು ಅದರ ಮೈ ಸುಮಾರು 4 ಚದರ ಮೀಟರ್. ಒಳಗೆ ಹೊರಗಿಗಿಂತ 10 ಡಿಗ್ರಿ ಹೆಚ್ಚಿರಲು ಬಿಟ್ಟರೆ ಐದೂವರೆಯನ್ನು ನಾಲ್ಕರಿಂದ, ಮತ್ತೆ ಹತ್ತರಿಂದ ಗುಣಿಸಿ. 220 ವ್ಯಾಟ್ ಬಂತು. ಅಷ್ಟು ಬಿಸಿಯನ್ನು ಬೀರು ತಾನೇ ಉಸಿರಾಡಿ ಕಳೆಯುತ್ತದೆ. ಅದಕ್ಕಿಂತ ಕಮ್ಮಿ ಬಿಸಿ ಹುಟ್ಟುವ ಪ್ಯಾನೆಲ್ಲಿಗೆ ಫ್ಯಾನ್ ಕೊರೆಯುವುದೆಂದರೆ ದೂಳಿಗೆ ದಾರಿ ಮಾಡಿಕೊಟ್ಟ ಹಾಗೆ. ಹತ್ತನೇ ತರಗತಿಯ ಮಕ್ಕಳೆ, ಈ ಗುಣಾಕಾರ ನಿಮಗೆ ಬರುತ್ತದೆ. ಇಂಜಿನಿಯರಿಂಗಿನ ಬಹುಪಾಲು ಕೆಲಸ ಇಷ್ಟೇ ಕಷ್ಟದ್ದು.

ಮೂರನೆಯದು ಫ್ಯಾನ್ ಮತ್ತು ಫಿಲ್ಟರ್. ಅಗ್ಗ, ಸರಳ, ಎಲ್ಲ ಕಡೆ ಸಿಗುತ್ತದೆ. ಆದರೆ ಒಂದು ಮಿತಿ ಇದೆ. ಫ್ಯಾನ್ ಪೆಟ್ಟಿಗೆಯನ್ನು ಹೊರಗಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಹೊರಗೆ 38 ಇದ್ದರೆ ಒಳಗೆ 38ಕ್ಕಿಂತ ಹೆಚ್ಚೇ ಇರುತ್ತದೆ. ಬೇಕಾದ ಗಾಳಿಯ ಲೆಕ್ಕವೂ ಸುಲಭ. ಕಳೆಯಬೇಕಾದ ವ್ಯಾಟನ್ನು ಡಿಗ್ರಿಯ ವ್ಯತ್ಯಾಸದಿಂದ ಭಾಗಿಸಿ, ಸಮುದ್ರದ ಮಟ್ಟದಲ್ಲಾದರೆ 3.1ರಿಂದ ಗುಣಿಸಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಎಂದು ಸಿಗುತ್ತದೆ. ನಮ್ಮ ಮೈಸೂರು ಸೀಮೆ ಸಮುದ್ರ ಮಟ್ಟಕ್ಕಿಂತ ಏಳೆಂಟು ನೂರು ಮೀಟರ್ ಮೇಲಿದೆ, ಗಾಳಿ ತೆಳು. ಹಾಗಾಗಿ ನಾವು 3.4ರಿಂದ ಗುಣಿಸಬೇಕು. ಮಂಗಳೂರಿನಲ್ಲಿ ಸಾಕಾಗುವ ಫ್ಯಾನ್ ಇಲ್ಲಿಗೆ ಹತ್ತರಲ್ಲಿ ಒಂದು ಪಾಲು ಕಮ್ಮಿ ಬೀಳುತ್ತದೆ. ಫ್ಯಾನನ್ನು ಕೆಳಗೆ, ಗಾಳಿಯನ್ನು ಒಳಕ್ಕೆ ತಳ್ಳುವಂತೆ ಇಡಬೇಕು. ಆಗ ಒಳಗಿನ ಒತ್ತಡ ಸ್ವಲ್ಪ ಹೆಚ್ಚಿ, ಸಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ದೂಳು ಒಳಕ್ಕೆ ಬರುವುದಿಲ್ಲ. ಫ್ಯಾನನ್ನು ಮೇಲಿಟ್ಟು ಗಾಳಿ ಎಳೆದರೆ ಫಿಲ್ಟರ್ ಬಿಟ್ಟು ಎಲ್ಲ ಸಂದಿನಿಂದಲೂ ದೂಳು ನುಗ್ಗುತ್ತದೆ. ಇನ್ನು ಫಿಲ್ಟರ್ ಕಟ್ಟಿಕೊಂಡರೆ ಫ್ಯಾನ್ ತಿರುಗುತ್ತಿದ್ದರೂ ಗಾಳಿ ಬರುವುದಿಲ್ಲ. ಸದ್ದು ಇದೆ, ತಂಪು ಇಲ್ಲ.

ನಾಲ್ಕನೆಯದು ಆಗಲೇ ಹೇಳಿದ ಶಾಖ ವಿನಿಮಯಕ. ಒಳಗಿನ ಗಾಳಿ ಒಳಗೇ ಸುತ್ತುತ್ತದೆ, ಹೊರಗಿನ ಗಾಳಿ ಹೊರಗೇ ಸುತ್ತುತ್ತದೆ, ನಡುವೆ ತೆಳುವಾದ ಲೋಹದ ಗೋಡೆ. ಬ್ಯಾರನ್ನಿನ ಕೊಳವೆಯ ನೀತಿಯೇ. ದೂಳು, ಹಿಟ್ಟು, ಎಣ್ಣೆಯ ಆವಿ ಇರುವ ಕಡೆ ಇದು ಒಳ್ಳೆಯದು. ಆದರೆ ಇದಕ್ಕೂ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಿರಲೇಬೇಕು.

ಐದನೆಯದು ಪ್ಯಾನೆಲ್ ಏಸಿ. ಹೊರಗಿನ ಗಾಳಿ ಒಳಗೆ ಇರಬೇಕಾದ ತಾಪಕ್ಕಿಂತ ಬಿಸಿಯಾಗಿದ್ದರೆ ಇದೇ ಗತಿ. ಇದಕ್ಕೆ ಹಣ ಬೇಕು, ಕರೆಂಟು ಬೇಕು, ನೀರು ಇಳಿಯಲು ಕೊಳವೆ ಬೇಕು, ವರ್ಷವರ್ಷ ನೋಡಿಕೊಳ್ಳುವವರು ಬೇಕು. ಬಾಗಿಲು ತೆರೆದ ಕೂಡಲೇ ಏಸಿ ನಿಲ್ಲುವ ಸ್ವಿಚ್ಚೂ ಬೇಕು. ಇಲ್ಲದಿದ್ದರೆ ಹೊರಗಿನ ತೇವದ ಗಾಳಿ ನುಗ್ಗಿ ಒಳಗೆ ಬೆವರುತ್ತದೆ. ಬೇಸಿಗೆಯಲ್ಲಿ ತಣ್ಣೀರಿನ ಚೊಂಬಿನ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ, ಹಾಗೆ. ಜನ ಏಸಿಯನ್ನು 20 ಡಿಗ್ರಿಗೆ ಇಡುತ್ತಾರೆ. ತಮಗೆ ಹಿತವಾದದ್ದು ಮೆಷೀನಿಗೂ ಹಿತ ಎಂಬ ಭಾವನೆ. ಪ್ಯಾನೆಲ್ಲಿಗೆ 35 ಸಾಕು. 20ಕ್ಕೆ ಇಟ್ಟರೆ ಕರೆಂಟೂ ದಂಡ, ಮಳೆಗಾಲದಲ್ಲಿ ಬೋರ್ಡಿನ ಮೇಲೆ ನೀರೂ ಗ್ಯಾರಂಟಿ.

ಇವು ಐದಲ್ಲದೆ ಬೇರೆಯವೂ ಇವೆ. ತಣ್ಣೀರಿನ ಕೊಳವೆ ಇರುವ ಕಾರ್ಖಾನೆಗಳಲ್ಲಿ ನೀರಿನಿಂದ ತಂಪು ಮಾಡುತ್ತಾರೆ. ಸಣ್ಣ ಪೆಟ್ಟಿಗೆಗಳಿಗೆ ಕರೆಂಟು ಹರಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಪೆಲ್ಟಿಯರ್ ಬಿಲ್ಲೆ ಇದೆ. ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಮುಳುಗಿದೆ. ಬಿಸಿಯಾದ ಎಣ್ಣೆ ಮೇಲೇರಿ, ಪಕ್ಕದ ಕೊಳವೆ ಅಥವಾ ರೆಕ್ಕೆಗಳಲ್ಲಿ ಇಳಿದು, ಗಾಳಿಗೆ ಬಿಸಿ ಬಿಟ್ಟು ಮತ್ತೆ ಬರುತ್ತದೆ. ಅದಕ್ಕೆ ಫ್ಯಾನೂ ಇಲ್ಲ, ಪಂಪೂ ಇಲ್ಲ.

ಈಗ ಆ ಗಿರಣಿಗೆ ಹಿಂದಿರುಗೋಣ. ಪ್ಯಾನೆಲ್ಲಿನಲ್ಲಿ 30 ಕಿಲೋವ್ಯಾಟಿನ ಡ್ರೈವ್ ಒಂದು, ಜೊತೆಗೆ ಸಣ್ಣಪುಟ್ಟವು. ಒಟ್ಟು 1,100 ವ್ಯಾಟ್ ಬಿಸಿ. ಬಹುಪಾಲು ಡ್ರೈವ್‌ಗಳನ್ನು 40 ಡಿಗ್ರಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ, ಅದರ ಮೇಲೆ ಹೋದರೆ ಹೊರೆ ಇಳಿಸಬೇಕು. ಅಲ್ಲಿ ಮೋಟಾರಿಗಿಂತ ಒಂದು ಅಳತೆ ದೊಡ್ಡ ಡ್ರೈವ್ ಇದ್ದದ್ದರಿಂದ ಒಳಗೆ 45ರ ವರೆಗೆ ಬಿಡಬಹುದಿತ್ತು. ಗಿರಣಿಯೊಳಗಿನ ಗಾಳಿ 38 ಡಿಗ್ರಿ. ಅಂತರ ಏಳೇ ಡಿಗ್ರಿ. ಬೀರುವಿನ ಮೈಯಿಂದ ಸುಮಾರು 150 ವ್ಯಾಟ್ ಹೋಗುತ್ತದೆ. ಉಳಿದ 950 ವ್ಯಾಟಿಗೆ ಗಂಟೆಗೆ ಸುಮಾರು 460 ಘನ ಮೀಟರ್ ಗಾಳಿ ಬೇಕು. ಅಂದರೆ ಈ ಶಾಲೆಯ ನಾಲ್ಕು ತರಗತಿ ಕೋಣೆಗಳಷ್ಟು ಗಾಳಿ, ಅದೂ ಹೊಟ್ಟು ತೌಡಿನ ದೂಳು ತುಂಬಿದ ಗಾಳಿ. ಅಲ್ಲಿ ಮೊದಲಿದ್ದ ಫಿಲ್ಟರ್ ಒಂದು ಪಾಳಿ ಮುಗಿಯುವಷ್ಟರಲ್ಲಿ ಕಂಬಳಿಯಂತಾಗುತ್ತಿತ್ತು. ಬಾಗಿಲು ತೆರೆದದ್ದು ಆ ಕಾರಣಕ್ಕೆ.

ಶಾಖ ವಿನಿಮಯಕಕ್ಕೆ ಏಳು ಡಿಗ್ರಿಯ ಅಂತರ ಸಾಲದು, ತುಂಬ ದೊಡ್ಡದು ಬೇಕಾಗುತ್ತದೆ. ಏಸಿ ಹಾಕಬಹುದು, ಆದರೆ ಅದರ ಹೊರಬದಿಯ ಜಾಲರಿಗೂ ಅದೇ ದೂಳು ಮೆತ್ತುತ್ತದೆ. ನಾನು ಗಿರಣಿಯ ಸುತ್ತ ಒಂದು ಸುತ್ತು ಹಾಕಿ ಥರ್ಮಾಮೀಟರ್ ಹಿಡಿದು ನೋಡಿದೆ. ಉತ್ತರದ ಗೋಡೆಯ ಆಚೆ ಒಂದು ಹಳೆಯ ಸಾಮಾನು ಕೋಣೆ ಇತ್ತು. ಅಲ್ಲಿ ನೆರಳು, 34 ಡಿಗ್ರಿ, ದೂಳು ಬಹಳ ಕಡಿಮೆ. 'ಪ್ಯಾನೆಲ್ ಇಲ್ಲಿಗೆ ತನ್ನಿ' ಎಂದೆ. ಅಂತರ 11 ಡಿಗ್ರಿಗೆ ಏರಿತು. ಮೈಯಿಂದ 240 ವ್ಯಾಟ್ ಹೋಯಿತು. ಉಳಿದದ್ದಕ್ಕೆ ಗಂಟೆಗೆ 265 ಘನ ಮೀಟರ್ ಗಾಳಿ ಸಾಕಾಯಿತು. ಅದೂ ಹೆಚ್ಚೇ ಆಯಿತು, ಏಕೆಂದರೆ ಡ್ರೈವಿನ ಹಿಂದಿನ ರೆಕ್ಕೆಗಳನ್ನು ಬೀರುವಿನ ಬೆನ್ನಿನಿಂದ ಹೊರಕ್ಕೆ ಚಾಚುವ ಹಾಗೆ ಕೂರಿಸಿದೆವು. ಬಿಸಿಯ ಬಹುಪಾಲು ಒಳಗೆ ಬರದೆ ಹೊರಗಿನಿಂದಲೇ ಹೊರಟುಹೋಯಿತು. ಖರ್ಚಾದದ್ದು ಹದಿನೈದು ಮೀಟರ್ ಹೆಚ್ಚಿನ ಕೇಬಲ್, ಒಂದು ಫಿಲ್ಟರ್ ಫ್ಯಾನ್, ಕೇಬಲ್ ತೂತುಗಳಿಗೆ ಗ್ಲ್ಯಾಂಡುಗಳು ಮತ್ತು ಒಂದು ದಿನದ ಗಾರೆ ಕೆಲಸ. ಬಾಗಿಲಿಗೆ ಬೀಗ ಬಿತ್ತು. ಕೀಲಿ ಎಲೆಕ್ಟ್ರಿಷಿಯನ್ ಒಬ್ಬನ ಬಳಿ ಮಾತ್ರ. ಆ ಹುಡುಗ ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದ. ಬೆರಳುಗಳು ಪೂರ್ತಿ ಮಡಚುವುದಿಲ್ಲ.

ಹಾಗಾದರೆ ಎಲ್ಲ ಕಡೆ ಪ್ಯಾನೆಲ್ಲನ್ನು ಪಕ್ಕದ ಕೋಣೆಗೆ ಸಾಗಿಸಿದರೆ ಆಯಿತೆ? ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ. ಅಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಲ್ಲಿದ್ದಲು ಉರಿಸುವ ಯಾವ ಸ್ಥಾವರದಲ್ಲಾದರೂ ಬಾಯ್ಲರಿನ ಪಕ್ಕ ಇನ್ನೂ ಹೆಚ್ಚಿನ ಕಾವು, ಮೇಲೆ ಹಾರುಬೂದಿ. ಅಲ್ಲಿ ಹೊರಗಿನ ಗಾಳಿಯೇ ಬೇಕಾದದ್ದಕ್ಕಿಂತ ಬಿಸಿ. ಫ್ಯಾನ್ ಹಾಕಿದರೆ ಬಿಸಿಯನ್ನು ಒಳಕ್ಕೆ ಕರೆದಂತೆ. ಏಸಿ ಇಲ್ಲದೆ ಆಗದು. ಮಂಗಳೂರಿನ ಕಡಲ ದಂಡೆಯಲ್ಲಿ ತಾಪ ಅಷ್ಟಿಲ್ಲ, ಆದರೆ ಗಾಳಿಯಲ್ಲಿ ಉಪ್ಪು, ತೇವ. ಆ ಗಾಳಿಯನ್ನು ಒಳಗೆ ಬಿಟ್ಟರೆ ತಾಮ್ರ ಹಸಿರಾಗುತ್ತದೆ, ಬೋರ್ಡು ತುಕ್ಕು ಹಿಡಿಯುತ್ತದೆ. ಅಲ್ಲಿ ಮುಚ್ಚಿದ ಪೆಟ್ಟಿಗೆ, ಶಾಖ ವಿನಿಮಯಕ, ರಾತ್ರಿ ಮೆಷೀನು ನಿಂತಾಗ ಬೆವರದಂತೆ ಒಳಗೆ ಒಂದು ಸಣ್ಣ ಹೀಟರ್. ತಂಪಿನ ಮಾತಾಡುತ್ತಾ ಹೀಟರ್ ಎಂದರೆ ನಗುತ್ತೀರಿ. ಆದರೆ ತೇವ ಬಿಸಿಯಷ್ಟೇ ಕೆಟ್ಟದ್ದು. ಒಂದೇ ರಾಜ್ಯ, ಒಂದೇ ಡ್ರೈವ್. ಊರು ಬದಲಾದರೆ ಉತ್ತರ ಬದಲಾಗುತ್ತದೆ. ಯಾರಾದರೂ 'ಇದೇ ಎಲ್ಲಕ್ಕಿಂತ ಒಳ್ಳೆಯ ಕೂಲಿಂಗ್' ಎಂದು ಮಾರಲು ಬಂದರೆ, 'ಯಾವ ಊರಿಗೆ?' ಎಂದು ಕೇಳಿ.

ಈಗ ರೈತ ಬಂಧುಗಳಿಗೆ ನಾಲ್ಕು ಮಾತು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ನೆರಳು ಮಾಡಿ. ಕೇಬಲ್ ಬರುವ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ. ಅಲ್ಲಿಂದಲೇ ಹಲ್ಲಿ, ಇರುವೆ, ಇಲಿ ಒಳಗೆ ಹೋಗುವುದು. ಎರಡು ಫೇಸಿನ ನಡುವೆ ಒಂದು ಹಲ್ಲಿ ಸಿಕ್ಕರೆ ಸಾಕು, ಸ್ಟಾರ್ಟರ್ ಹೋಯಿತು. ಹೊಸ ಪೆಟ್ಟಿಗೆ ಕೊಳ್ಳುವಾಗ ಐ.ಪಿ. ಸಂಖ್ಯೆ ಕೇಳಿ. ಅದರ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 54 ಎಂದರೆ ಕೆಡಿಸುವಷ್ಟು ದೂಳು ಒಳಗೆ ಹೋಗದು, ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ ಎಂದು ಅರ್ಥ. ಆದರೆ ಬಾಗಿಲು ತೆರೆದಿಟ್ಟರೆ ಯಾವ ಸಂಖ್ಯೆಗೂ ಬೆಲೆ ಇಲ್ಲ. ಕೊನೆಯದಾಗಿ, ಡ್ರೈವ್ ಇರುವ ಪೆಟ್ಟಿಗೆಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿದ ಕೂಡಲೇ ಕೈ ಹಾಕಬೇಡಿ. ಅದರ ಕೆಪಾಸಿಟರ್‌ಗಳಲ್ಲಿ ಕೆಲವು ನಿಮಿಷ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವಿನ ಮೇಲೆಯೇ ಬರೆದಿರುತ್ತಾರೆ. ಅದನ್ನು ಓದಬಲ್ಲವರೇ ಅದನ್ನು ಮುಟ್ಟಲಿ.

ಶಿಕ್ಷಕರಲ್ಲಿ ಒಂದು ಬಿನ್ನಹ. ಉಷ್ಣ ವಹನ, ಸಂವಹನ, ವಿಕಿರಣ ಎಂಬ ಮೂರು ಪದಗಳನ್ನು ನಾವು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆವು. ಅವು ಮೂರೂ ನಮ್ಮ ಮನೆಯ ಪಕ್ಕದ ಬ್ಯಾರನ್ನಿನಲ್ಲಿ ಹಗಲಿರುಳು ನಡೆಯುತ್ತಿದ್ದವು ಎಂದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿದ ಮೇಲೆ. ಮಕ್ಕಳನ್ನು ಒಂದು ಮಧ್ಯಾಹ್ನ ಬ್ಯಾರನ್ನಿಗೆ ಕರೆದುಕೊಂಡು ಹೋಗಿ. ತಗಡಿನ ಕೊಳವೆಯ ಕಾವು, ಮೇಲೇರುವ ಗಾಳಿ, ಒಲೆಯ ಬಾಯಿಯ ಮುಂದೆ ಮುಖಕ್ಕೆ ಬಡಿಯುವ ಝಳ ತೋರಿಸಿ. ಬ್ಯಾರನ್ ಕಾಯುವ ತಾತನಿಂದಲೇ ಪಾಠ ಹೇಳಿಸಿ. ಅವರಿಗೆ ಸೂತ್ರ ಗೊತ್ತಿಲ್ಲದಿರಬಹುದು, ಉತ್ತರ ಗೊತ್ತು.

ಮಕ್ಕಳೆ, ಊರಿನವರಾಗಲಿ, ಹಾಡಿಗಳಿಂದ ಬರುವವರಾಗಲಿ, ಕನ್ನಡದಲ್ಲಿ ವಿಜ್ಞಾನ ಓದಿದ್ದೇವೆ ಎಂದು ಹಿಂಜರಿಯಬೇಡಿ. ನಾನು ಇವತ್ತು ಹೇಳಿದ ಲೆಕ್ಕಗಳಲ್ಲಿ ಕೂಡುವುದು, ಗುಣಿಸುವುದು, ಭಾಗಿಸುವುದು ಬಿಟ್ಟು ಬೇರೇನೂ ಇರಲಿಲ್ಲ. ಐ.ಟಿ.ಐ. ಮಾಡಿದವರಿಗೂ, ಡಿಪ್ಲೊಮಾ ಮಾಡಿದವರಿಗೂ ಈ ಕಸುಬಿನಲ್ಲಿ ಮರ್ಯಾದೆಯ ಬದುಕಿದೆ. ಹುಡುಗಿಯರೂ ಬನ್ನಿ, ಪ್ಯಾನೆಲ್ ವೈರಿಂಗಿನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವ ಹೆಣ್ಣುಮಕ್ಕಳು ನಮ್ಮ ಕಸುಬಿನಲ್ಲಿ ಈಗಾಗಲೇ ಇದ್ದಾರೆ. ಬೇಕಾದ್ದು ಎರಡೇ ಗುಣ. ಅಳೆಯದೆ ಮಾತಾಡಬಾರದು. ಇನ್ನೊಬ್ಬರ ಮೈಕೈಗೆ ಅಪಾಯವಾಗುವ ಸುಲಭದ ದಾರಿ ಹಿಡಿಯಬಾರದು.

ಶಾಲೆಯ ಪ್ರಯೋಗಾಲಯಕ್ಕೆ ನಮ್ಮ ವರ್ಷದ ವಿದ್ಯಾರ್ಥಿಗಳ ಕಡೆಯಿಂದ ಹತ್ತು ಥರ್ಮಾಮೀಟರ್ ಮತ್ತು ಒಂದು ಹಳೆಯ, ಕರೆಂಟಿಲ್ಲದ ಪ್ಯಾನೆಲ್ ಕೊಡುತ್ತಿದ್ದೇವೆ. ಅದರ ಬಾಗಿಲನ್ನು ಮಕ್ಕಳು ಎಷ್ಟು ಸಲ ಬೇಕಾದರೂ ತೆರೆದು ನೋಡಲಿ. ಬೇರೆ ಎಲ್ಲ ಪ್ಯಾನೆಲ್ಲಿನ ಬಾಗಿಲು ಮುಚ್ಚಿರಲಿ. ನಾಳೆ ನಿಮ್ಮ ಗಿರಣಿಗೋ ಕಾರ್ಖಾನೆಗೋ ಹೋದಾಗ ಬಾಗಿಲು ತೆರೆದು ಫ್ಯಾನ್ ಇಟ್ಟಿರುವುದು ಕಂಡರೆ, ದಯವಿಟ್ಟು ಮೇಲಿನವರಿಗೆ ಹೇಳಿ. ಹೇಗೆ ಸರಿಪಡಿಸಬೇಕೆಂದು ಗೊತ್ತಾಗದಿದ್ದರೆ ಶಾಲೆಯವರ ಮೂಲಕ ನನಗೆ ಹೇಳಿಕಳಿಸಿ. ಬಂದು ಅಳೆದು ನೋಡುತ್ತೇನೆ.

ನಮ್ಮ ಶಾಲೆ ನೂರರ ಸಂಭ್ರಮವನ್ನೂ ಕಾಣಲಿ.